ಅಮೆರಿಕದ ಡಬ್ಬಿಯಲ್ಲಿ ಡೋಲೋ

ಮಲ್ಲೇಶ್ವರದ ನನ್ನ ಮೆಡಿಕಲ್ ಸ್ಟೋರ್‌ಗೆ ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಜ್ವರ, ಮೈಕೈ ನೋವು. ದಿನಕ್ಕೆ ಮೂರು ಹೊತ್ತು ಒಂದೊಂದು ಡೋಲೋ 650 ನುಂಗುತ್ತಿದ್ದರು. "ಅದು ಸಾಲದು ಅಂತ ಮಗಳು ಅಮೆರಿಕದಿಂದ ತಂದಿದ್ದನ್ನೂ ತಗೋತಿದೀನಪ್ಪಾ" ಎಂದು ಚೀಲದಿಂದ ಡಬ್ಬಿ ತೆಗೆದರು. ಮೇಲೆ ಅಸಿಟಮಿನೋಫೆನ್ ಎಂದಿತ್ತು, ಮಾತ್ರೆಗೆ 500 ಮಿಲಿಗ್ರಾಂ. ಹೊತ್ತಿಗೆ ಎರಡರಂತೆ ದಿನಕ್ಕೆ ಆರು.

"ಸಾರ್, ಇದೂ ಡೋಲೋನೇ" ಅಂದೆ. ಅವರು ನಂಬಲಿಲ್ಲ.

ಹೇಗೆ ನಂಬುತ್ತಾರೆ? ಡೋಲೋ ಪಟ್ಟಿಯ ಮೇಲೆ ಔಷಧದ ಹೆಸರಾಗಿ ಇರುವುದು ಪ್ಯಾರಾಸಿಟಮಾಲ್. ಕಿವಿಗೆ ಎರಡೂ ಬೇರೆಯೇ. ಆದರೆ ಎರಡನ್ನೂ ಕತ್ತರಿಸಿ ತೆಗೆದದ್ದು ಒಂದೇ ಉದ್ದ ಹೆಸರಿನಿಂದ: ಪ್ಯಾರಾ-ಅಸಿಟೈಲ್-ಅಮಿನೋ-ಫೀನಾಲ್. ಒಬ್ಬರು ತಲೆಯನ್ನೂ ಬಾಲವನ್ನೂ ಇಟ್ಟುಕೊಂಡರು. ಇನ್ನೊಬ್ಬರು ನಡುವಿನದನ್ನು ತೆಗೆದುಕೊಂಡರು. ಟೈಲೆನಾಲ್ ಅನ್ನುವ ಬ್ರಾಂಡ್ ಕೂಡ ಇದರ ಚೂರುಗಳೇ, ಅಸಿಟೈಲ್‌ನ 'ಟೈಲ್', ಫೀನಾಲ್‌ನ 'ಎನಾಲ್'.

ಮೇಷ್ಟ್ರಲ್ವಾ, ಅಷ್ಟಕ್ಕೆ ಬಿಡಲಿಲ್ಲ. ಒಂದೊಂದು ತುಂಡಿನ ಅರ್ಥ ಕೇಳಿದರು. ಲ್ಯಾಟಿನ್‌ನಲ್ಲಿ ಅಸಿಟಮ್ ಅಂದರೆ ವಿನಿಗರ್. ಅಮಿನೋ ಬಂದದ್ದು ಅಮೋನಿಯದಿಂದ. ಹಿಂದೆ ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಉದುರಿಸಿದಾಗ ಮೂಗಿಗೆ ಅಡರುತ್ತಿತ್ತಲ್ಲ, ಆ ಮನೆತನ. ಫೀನಾಲ್ ಅಂದರೆ ಹಳಬರ ಕಾರ್ಬಾಲಿಕ್ ಆಸಿಡ್. ಹಾಗಂತ ಮಾತ್ರೆಯಲ್ಲಿ ವಿನಿಗರ್ ಬೆರೆಸಿದ್ದಾರೆ ಅಂತಲ್ಲ. ಅಣುವಿನ ಭಾಗಗಳಿಗೆ ಇಟ್ಟ ಹೆಸರುಗಳಷ್ಟೇ ಇವು. ಇನ್ನು ಪ್ಯಾರಾ. ಜೇನುಗೂಡಿನ ಕೋಣೆಯಂಥ ಆರು ಮೂಲೆಯ ಇಂಗಾಲದ ಉಂಗುರದಲ್ಲಿ ಎರಡು ಗುಂಪುಗಳು ಎದುರುಬದುರು ಕೂತಿವೆ ಎಂದು ಅರ್ಥ. ಗುಡಿ ಎದುರು ಮನೆ ಅಂತ ವಿಳಾಸ ಹೇಳುತ್ತೇವಲ್ಲ, ಹಾಗೆ.

ಭಾರತ, ಬ್ರಿಟನ್, ಆಸ್ಟ್ರೇಲಿಯಾದ ಇಂಗ್ಲಿಷ್‌ನಲ್ಲಿ ಪ್ಯಾರಾಸಿಟಮಾಲ್. ಅಮೆರಿಕ, ಕೆನಡಾದಲ್ಲಿ ಅಸಿಟಮಿನೋಫೆನ್. ಇಂಗ್ಲಿಷ್‌ನಲ್ಲಿ ಬರೆಯುವಾಗ ವಾಕ್ಯದ ನಡುವೆ ಈ ಎರಡಕ್ಕೂ ಸಣ್ಣ ಅಕ್ಷರವೇ ಸಾಕು, ಬ್ರಾಂಡ್ ಹೆಸರಿಗೆ ಮಾತ್ರ ದೊಡ್ಡಕ್ಷರ. ನಮ್ಮ ಲಿಪಿಯಲ್ಲಿ ಆ ಗುರುತೇ ಇಲ್ಲ, ಅದಕ್ಕೇ ಯಾವುದು ಬ್ರಾಂಡ್ ಯಾವುದು ಔಷಧ ಎಂದು ಗೊತ್ತಾಗುವುದಿಲ್ಲ. ಸ್ಪೆಲಿಂಗ್‌ನಲ್ಲೂ ನಮ್ಮವರು 'ಸಿ' ಅಂತ ಕೇಳಿದ್ದನ್ನು ನಂಬಿ ಐ (i) ಹಾಕುತ್ತಾರೆ. ಅಲ್ಲಿರುವುದು ಇ (e), ಅಸಿಟಮ್‌ನ (acetum) ಇ.

ಇನ್ನೊಂದು ಮಾತು ನಮ್ಮ ಅಂಗಡಿಗಳದ್ದೇ. "ಅದೇ ಸಾಲ್ಟ್, ಬೇರೆ ಕಂಪನಿದು ಕೊಡಿ" ಅನ್ನುತ್ತಾರೆ. ಸಾಲ್ಟ್ ಅಂದರೆ ಮಾತ್ರೆಯೊಳಗಿನ ಔಷಧ ಅಂತ ಲೆಕ್ಕ, ನಾವೂ ಹಾಗೇ ಅನ್ನುತ್ತೇವೆ. ಕೆಮಿಸ್ಟ್ರಿ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಾಲ್ಟೇ ಅಲ್ಲ! ಆದರೂ ನಾನು ತಿದ್ದಲು ಹೋಗುವುದಿಲ್ಲ, ಕೆಲಸ ನಡೆಯುತ್ತದೆ.

ತಿದ್ದಲೇಬೇಕಿದ್ದದ್ದು ಮೇಷ್ಟ್ರ ಲೆಕ್ಕ. ಬಿಲ್ ಹಿಂದೆ ಬರೆದು ತೋರಿಸಿದೆ. ಡೋಲೋದಿಂದ 1950, ಡಬ್ಬಿಯಿಂದ 3000, ಒಟ್ಟು 4950 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4000 ದಾಟಬಾರದು. ಜಾಸ್ತಿಯಾದರೆ ಏಟು ಬೀಳುವುದು ಲಿವರ್‌ಗೆ. ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಮಿತಿ ಇನ್ನೂ ಕಮ್ಮಿ. ಇವತ್ತೇ ಡಾಕ್ಟರಿಗೆ ತೋರಿಸಿ, ಎಷ್ಟು ದಿನದಿಂದ ತಗೊಂಡಿರಿ ಅನ್ನೋದನ್ನೂ ಹೇಳಿ ಎಂದೆ.

ಅವರು ಬಿಲ್ ಮಡಚಿ ಜೇಬಿಗಿಟ್ಟರು. ಆಮೇಲೆ ಇನ್ನೊಂದು ಜೇಬಿನಿಂದ ನೆಗಡಿ ಮಾತ್ರೆಯ ಪಟ್ಟಿ ತೆಗೆದು, ಕನ್ನಡಕ ಏರಿಸಿ, ಸಣ್ಣಕ್ಷರ ಓದತೊಡಗಿದರು. "ಇದರಲ್ಲೂ ಇದೆಯಲ್ರೀ!"