ಲೂಬ್ರಿಕೆಂಟ್: ಬಂದೂಕಿಗೆ ಹಚ್ಚುವುದೆಲ್ಲ ಕೀಲೆಣ್ಣೆಯಲ್ಲ

"ಬಂದೂಕು ಕ್ಲೀನ್ ಮಾಡೋಕೆ ಯಾವ ಲೂಬ್ರಿಕೆಂಟ್ ಒಳ್ಳೇದು?" ಈ ಪ್ರಶ್ನೆ ಮತ್ತೆ ಕಣ್ಣಿಗೆ ಬಿತ್ತು. ಕೇಳಿದವರನ್ನು ದೂರಲ್ಲ ಬಿಡಿ. ಆದರೆ ಉತ್ತರ ಕೊಟ್ಟವರೆಲ್ಲ ತಮ್ಮ ತಮ್ಮ ಡಬ್ಬಿಯ ಹೆಸರು ಹೇಳಿ ಹೋದರೇ ಹೊರತು, ಲೂಬ್ರಿಕೆಂಟ್ ಕ್ಲೀನ್ ಮಾಡುವ ವಸ್ತುವೇ ಅಲ್ಲ ಅಂತ ಒಬ್ಬರೂ ಹೇಳಲಿಲ್ಲ.

ಲೂಬ್ರಿಕೆಂಟ್ ಅಂದರೆ ಕೀಲೆಣ್ಣೆ. ಒಂದಕ್ಕೊಂದು ಉಜ್ಜುವ ಎರಡು ಲೋಹದ ಮೈಗಳ ನಡುವೆ ತೆಳ್ಳಗೆ ನಿಂತು ಸವೆತ ತಡೆಯುವುದು ಅದರ ಕೆಲಸ. ನಿಲ್ಲಬೇಕು, ಅದೇ ಮುಖ್ಯ. ಮಸಿ, ಜಿಡ್ಡು ಕರಗಿಸುವುದು ಸಾಲ್ವೆಂಟ್. ಅದು ಕೊಳೆ ಹೊತ್ತುಕೊಂಡು ಬಟ್ಟೆಯ ಜೊತೆ ಆಚೆ ಹೋಗಬೇಕು. ತಿಂಗಳುಗಟ್ಟಲೆ ಒಳಗಿಡುವ ಬಂದೂಕಿಗೆ ಗಾಳಿ, ತೇವ ತಾಗದಂತೆ ಕಾಯುವುದು ಮೂರನೆಯದು, ತುಕ್ಕು ತಡೆಯುವ ಲೇಪ. ಮೂರೂ ಎಣ್ಣೆಯ ಹಾಗೇ ಕಾಣುತ್ತವೆ, ಅದಕ್ಕೇ ಈ ಗೊಂದಲ.

ಗೊಂದಲಕ್ಕೆ ಸಿಎಲ್‌ಪಿ ಕೂಡ ಕಾರಣ. ಕ್ಲೀನರ್, ಲೂಬ್ರಿಕೆಂಟ್, ಪ್ರಿಸರ್ವೇಟಿವ್, ಮೂರೂ ಒಂದೇ ಬಾಟಲಿಯಲ್ಲಿ. ಅಮೆರಿಕದ ಸೇನೆ ಇದಕ್ಕೆ ಗುಣಮಟ್ಟವನ್ನೇ ಗೊತ್ತುಮಾಡಿದೆ. ಸೈನಿಕ ಮೂರು ಬಾಟಲಿ ಹೊತ್ತು ತಿರುಗಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಅದು ಸರಿ. ಮೇಜಿನ ಮೇಲೆ ಬಂದೂಕು ಬಿಚ್ಚಿಟ್ಟುಕೊಂಡು ಆರಾಮಾಗಿ ಕೂತವರಿಗೆ ಆ ಅವಸರ ಯಾಕೆ? ಮೂರು ಕೆಲಸ ಮಾಡುವ ಬಾಟಲಿ ಮೂರನ್ನೂ ತಕ್ಕಮಟ್ಟಿಗೆ ಮಾಡುತ್ತದೆ, ಅಷ್ಟೇ.

ಈಗ ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ವಿಷಯ. ಇದನ್ನು ಬಂದೂಕಿನ ಎಣ್ಣೆ ಅಂತ ಕರೆಯುವುದನ್ನು ಕೇಳಿದಾಗಲೆಲ್ಲ ರೇಗುತ್ತದೆ. ಹೆಸರಲ್ಲೇ ಇದೆಯಲ್ಲ, ವಾಟರ್ ಡಿಸ್‌ಪ್ಲೇಸ್‌ಮೆಂಟ್. ನೀರನ್ನು ಲೋಹದಿಂದ ಎಬ್ಬಿಸಿ ಓಡಿಸಲು 1953ರಲ್ಲಿ ತಯಾರಾದ ದ್ರವ ಇದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ ಬಳಸಿದರು. 40 ಅಂದರೆ ನಲವತ್ತನೇ ಪ್ರಯತ್ನ. ಅದರಲ್ಲಿ ಸ್ವಲ್ಪ ಎಣ್ಣೆ ಇದೆ, ಇಲ್ಲ ಅನ್ನಲ್ಲ. ಆದರೆ ಹೆಚ್ಚಿನ ಪಾಲು ಆವಿಯಾಗಿ ಹೋಗುವ ಸಾಲ್ವೆಂಟ್. ಮಳೆಯಲ್ಲಿ ನೆನೆದ ಬಂದೂಕಿಗೆ ಮೊದಲ ಉಪಚಾರಕ್ಕೆ ಚೆನ್ನಾಗಿದೆ. ಅದನ್ನೇ ಸಿಂಪಡಿಸಿ "ಎಣ್ಣೆ ಹಾಕಿದ್ದೇನೆ" ಅಂದುಕೊಂಡರೆ, ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಸ್ವಲ್ಪ ದಿನದಲ್ಲೇ ಒಣಗಿ ಕಿರಗುಟ್ಟುತ್ತದೆ.

ಎಣ್ಣೆಯೋ ಗ್ರೀಸೋ ಅನ್ನುವ ಜಗಳ ನಿಜವಾಗಿ ಅಷ್ಟು ದೊಡ್ಡದಲ್ಲ. ಗ್ರೀಸ್ ಅಂದರೂ ಎಣ್ಣೆಯೇ, ಹರಿದುಹೋಗದಂತೆ ಸಾಬೂನಿನ ಜಾತಿಯ ವಸ್ತುವೊಂದು ಹಿಡಿದಿಟ್ಟಿರುತ್ತದೆ. ಜಾರುವ ಕಡೆ ಗ್ರೀಸ್, ತಿರುಗುವ ಕಡೆ ಎಣ್ಣೆ, ಈ ಹಳೇ ಮಾತು ಬಹುಮಟ್ಟಿಗೆ ಸರಿ. ಕೊರೆಯುವ ಚಳಿಯಲ್ಲಿ ಮಾತ್ರ ಗ್ರೀಸ್ ಗಟ್ಟಿಯಾಗಿ ಭಾಗಗಳು ನಿಧಾನವಾಗುತ್ತವೆ, ಅಲ್ಲಿ ತೆಳು ಎಣ್ಣೆಯೇ ಬೇಕು. ಕೆಲವರು ಎಣ್ಣೆಯ ಬದಲು ಬಳಸುವ ಪುಡಿ ಗ್ರಾಫೈಟನ್ನು ಅಲ್ಯೂಮಿನಿಯಂ ಭಾಗಗಳಿಗೆ ಹಾಕಬೇಡಿ, ತೇವ ಸೇರಿದರೆ ಲೋಹವನ್ನೇ ತಿನ್ನುತ್ತದೆ.

ಎಲ್ಲಿ ಹಾಕಬೇಕು ಅನ್ನುವುದನ್ನು ಬಂದೂಕೇ ತೋರಿಸುತ್ತದೆ. ಗುಂಡು ತೆಗೆದು, ಗುಂಡು ಕೂರುವ ಗೂಡು, ಅಂದರೆ ಚೇಂಬರ್, ಖಾಲಿ ಇದೆಯಾ ಅಂತ ಇನ್ನೊಮ್ಮೆ ನೋಡಿ, ಬಿಚ್ಚಿ, ಬೆಳಕಿಗೆ ಹಿಡಿಯಿರಿ. ಕಪ್ಪು ಬಣ್ಣ ಸವೆದು ಬೆಳ್ಳಗೆ ಹೊಳೆಯುವ ಗೆರೆಗಳು ಕಾಣುತ್ತವೆ. ಉಜ್ಜಾಟ ಇರುವುದು ಅಲ್ಲೇ. ಅಲ್ಲಿ ಒಂದು ಹನಿ ಹಾಕಿ ಬೆರಳಲ್ಲಿ ಸವರಿದರೆ ಸಾಕು. ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂತ ಸುರಿಯುವವರಿದ್ದಾರೆ. ಆ ಎಣ್ಣೆಗೆ ಧೂಳು, ಸುಡದೆ ಉಳಿದ ಮದ್ದಿನ ಕಣ ಅಂಟಿ ಕಪ್ಪು ಅಂಟಾಗುತ್ತದೆ. ಸವೆತ ತಡೆಯಲು ಹಾಕಿದ್ದೇ ಉಜ್ಜುವ ಪೇಸ್ಟ್ ಆಗಿ ಕೂರುತ್ತದೆ. ಗುಂಡಿನ ಹಿಂಭಾಗಕ್ಕೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ ಓಡಾಡುವ ಕೊಳವೆಯಂತೂ ಸಾಮಾನ್ಯವಾಗಿ ಒಣಗಿಯೇ ಇರಬೇಕು, ಅಲ್ಲಿ ಎಣ್ಣೆ ಗಟ್ಟಿಯಾದರೆ ಪಿನ್ನಿನ ಏಟು ಸಾಲದೆ ಗುಂಡು ಹಾರದು.

ಸಾಲ್ವೆಂಟ್ ಕೂಡ ಒಂದೇ ಬಗೆಯದಲ್ಲ. ನಳಿಗೆಯೊಳಗೆ ಗುಂಡಿನ ಹೊರಕವಚದ ತಾಮ್ರ ಅಂಟಿದ್ದರೆ ಅದನ್ನು ಕರಗಿಸುವ ಸಾಲ್ವೆಂಟ್ ಬೇಕು, ಸಾಮಾನ್ಯವಾಗಿ ಅಮೋನಿಯಾ ಇರುವಂಥದ್ದು. ಒಳಗೆ ತೂರಿಸಿದ ಬಟ್ಟೆ ನೀಲಿಯಾಗಿ ಹೊರಬಂದರೆ ತಾಮ್ರ ಕರಗುತ್ತಿದೆ ಅಂತ ಅರ್ಥ. ಕಂಚಿನ ಬ್ರಷ್ ಬಳಸಿದ್ದರೆ ಆ ನೀಲಿ ಬ್ರಷ್ಷಿನದ್ದೂ ಆಗಿರಬಹುದು! ಇದು ತಿಳಿಯದೆ ನಳಿಗೆ ಇನ್ನೂ ಕ್ಲೀನ್ ಆಗಿಲ್ಲ ಅಂತ ಸುಮ್ನೆ ಉಜ್ಜುತ್ತಲೇ ಇರುವವರಿದ್ದಾರೆ.

ಹಳೇ ಮಿಲಿಟರಿ ಗುಂಡುಗಳ ಕಥೆ ಬೇರೆ. ಅಂಥ ಎಷ್ಟೋ ಗುಂಡುಗಳಲ್ಲಿ, ಪಿನ್ನಿನ ಏಟಿಗೆ ಹೊತ್ತಿಕೊಂಡು ಮದ್ದಿಗೆ ಬೆಂಕಿ ಕೊಡುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಅದು ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಒಗ್ಗರಣೆ ಎಣ್ಣೆಗೆ ಉಪ್ಪು ಹಾಕಿದರೆ ಕರಗುತ್ತಾ? ಇಲ್ಲೂ ಅಷ್ಟೇ. ಮೇಲೆ ಎಷ್ಟು ಒಳ್ಳೇ ಎಣ್ಣೆ ಹಚ್ಚಿದರೂ ಉಪ್ಪು ಅಡಿಯಲ್ಲೇ ಕೂತಿರುತ್ತದೆ. ಅದಕ್ಕೆ ಬೇಕಾದದ್ದು ಬಿಸಿನೀರು. ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಬಂದೂಕಿಗೆ ನೀರಾ ಅಂತ ಹೌಹಾರುವವರ ನಳಿಗೆಯೇ ಮೊದಲು ತುಕ್ಕು ಹಿಡಿಯುವುದು.

ಒಳಗಿಡುವಾಗ ನಳಿಗೆಗೆ ಎಣ್ಣೆ ಸವರಿದ್ದರೆ, ಮತ್ತೆ ಗುಂಡು ಹಾರಿಸುವ ಮೊದಲು ಒಣಬಟ್ಟೆ ಎಳೆದು ಅದನ್ನು ತೆಗೆಯಬೇಕು. ಚೇಂಬರನ್ನೂ ಒರೆಸಬೇಕು. ಸಿಡಿದಾಗ ತೋಟಾದ ಚಿಪ್ಪು ಉಬ್ಬಿ ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿ ಎಣ್ಣೆ ಇದ್ದರೆ ಹಿಡಿತ ಸಿಗದೆ ಹಿಂದಕ್ಕೆ ಜಾರುತ್ತದೆ, ಬೋಲ್ಟಿನ ಮೇಲೆ ಹೆಚ್ಚು ಹೊಡೆತ ಬೀಳುತ್ತದೆ.