ಸೊಕೊಬಾನ್ ಲೆವೆಲ್ ಕಟ್ಟುವುದು: ಉತ್ತರದಿಂದ ಹಿಂದಕ್ಕೆ ಬನ್ನಿ

ಗೇಮ್ ಡಿಸೈನ್ ಪೇಪರಿಗೆ ಒಂದು ಪಝಲ್ ಲೆವೆಲ್ ಮಾಡಿಕೊಡಬೇಕಿತ್ತು. ಷರತ್ತು ಒಂದೇ: ಆಡಿದವರಿಗೆ ಒಂದು ಹೊಸ ವಿಷಯ ಹೊಳೆಯಬೇಕು. ನಾನು ಸೊಕೊಬಾನ್ ಆರಿಸಿಕೊಂಡೆ. ಕಲಿತದ್ದು ತಲೆಯಿಂದ ಜಾರುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಇದೇ ಅಸೈನ್‌ಮೆಂಟ್ ಬಿದ್ದಿದ್ದರೆ ಉಪಯೋಗಕ್ಕೆ ಬರಬಹುದು.

ಆಟ ನಿಮಗೆ ಗೊತ್ತೇ ಇರುತ್ತದೆ. ಪೆಟ್ಟಿಗೆಗಳನ್ನು ಗುರುತು ಹಾಕಿದ ಮನೆಗಳಿಗೆ, ಅಂದರೆ ಗುರಿಗಳಿಗೆ, ತಳ್ಳಬೇಕು. ತಳ್ಳಬಹುದು, ಎಳೆಯುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಜಪಾನಿನ ಹಿರೊಯುಕಿ ಇಮಬಯಾಶಿ 1981ರಲ್ಲಿ ಮಾಡಿದ ಆಟ ಇದು, 1982ರಲ್ಲಿ ಅಂಗಡಿಗೆ ಬಂತು. ನಿಯಮ ಇಷ್ಟೇ ಇದ್ದರೂ 1997ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ಕಲ್ಬರ್‌ಸನ್ ಇದು ಪಿ-ಸ್ಪೇಸ್ ಕಂಪ್ಲೀಟ್ ಎಂದು ತೋರಿಸಿದರು. ಅಂದರೆ ಯಾವ ಲೆವೆಲ್ ಕೊಟ್ಟರೂ ಬೇಗ ಬಿಡಿಸಿಬಿಡುವ ವಿಧಾನ ಕಂಪ್ಯೂಟರಿಗೂ ಸಿಕ್ಕಿಲ್ಲ. ಆದ್ದರಿಂದ ಪೆಟ್ಟಿಗೆಗಳನ್ನು ಸುಮ್ನೆ ಅಲ್ಲಲ್ಲಿ ಇಟ್ಟು, ಆಮೇಲೆ ಬಿಡಿಸಲು ಆಗುತ್ತದಾ ನೋಡೋಣ ಅಂತ ಹೊರಟರೆ ರಾತ್ರಿ ಕಳೆದುಹೋಗುತ್ತದೆ.

ಸತ್ತ ಮನೆಗಳು

ಪೆಟ್ಟಿಗೆ ಮೂಲೆಗೆ ಹೋದರೆ ಕಥೆ ಮುಗಿಯಿತು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಸತ್ತ ಮನೆಗಳು, ಅಂದರೆ ಪೆಟ್ಟಿಗೆ ಬಂದರೆ ಮತ್ತೆ ಗುರಿ ಮುಟ್ಟಲು ಆಗದ ಮನೆಗಳು, ಮೂಲೆಯಲ್ಲಿ ಮಾತ್ರ ಇಲ್ಲ. ಗೋಡೆಗೆ ಅಂಟಿದ ಪೆಟ್ಟಿಗೆಯನ್ನು ಗೋಡೆಯಿಂದ ಬಿಡಿಸಲು ಆಗುವುದಿಲ್ಲ, ಯಾಕೆಂದರೆ ನಾವು ಗೋಡೆಯೊಳಗೆ ನಿಲ್ಲಬೇಕಾಗುತ್ತದೆ. ಆ ಗೋಡೆಯ ಉದ್ದಕ್ಕೂ ಗುರಿ ಇಲ್ಲದಿದ್ದರೆ ಆ ಸಾಲು ಪೂರ್ತಿ ಸತ್ತಂತೆ.

ಒಂದು ಖಾಲಿ ಕೋಣೆ ತಗೊಳ್ಳಿ. 3 ಸಾಲು, ಸಾಲಿಗೆ 4 ಮನೆ, ಒಟ್ಟು 12. ಮನೆಗಳಿಗೆ ಹೀಗೆ ಹೆಸರಿಡೋಣ: 2-3 ಅಂದರೆ ಎರಡನೇ ಸಾಲಿನ ಮೂರನೇ ಮನೆ. ಸುತ್ತಲಿನ ಗೋಡೆ ಲೆಕ್ಕಕ್ಕಿಲ್ಲ. ಈಗ ಒಂದೇ ಗುರಿಯನ್ನು 2-3ರಲ್ಲಿ, ಅಂದರೆ ನಡುಮಧ್ಯದಲ್ಲಿ ಇಡಿ. ಆರಾಮಾಗಿ ಬಿಡಿಸಬಹುದು ಅನ್ನಿಸುತ್ತದೆ, ಅಲ್ವಾ? ಪೆಟ್ಟಿಗೆ ಎಲ್ಲಿದ್ದರೆ ಗುರಿ ಮುಟ್ಟುತ್ತದೆ ಅಂತ ಎಣಿಸಿ. ಬರೀ 2 ಮನೆ: 2-2 ಮತ್ತು ಗುರಿಯ ಮನೆ. ಉಳಿದ 10 ಸತ್ತಿವೆ. ಗುರಿಯನ್ನು ಬಲಗೋಡೆಗೆ, 2-4ಕ್ಕೆ ಸರಿಸಿ: 3 ಮನೆ ಜೀವಂತ. ಮೂಲೆಗೆ, 1-4ಕ್ಕೆ ಸರಿಸಿ: 6 ಮನೆ! ಪೆಟ್ಟಿಗೆಗೆ ಮೂಲೆ ಅಂದರೆ ಸಾವು, ಆದರೆ ಗುರಿಗೆ ಮೂಲೆಯಷ್ಟು ಒಳ್ಳೆಯ ಜಾಗ ಈ ಕೋಣೆಯಲ್ಲಿ ಬೇರೆ ಇಲ್ಲ. ಇದನ್ನು ಒಮ್ಮೆ ಕಾಗದದ ಮೇಲೆ ನೀವೇ ಮಾಡಿ ನೋಡಿ. ಓದಿದರೆ ನಂಬಿಕೆ ಬರುವುದಿಲ್ಲ.

ಎಳೆಯುವುದು (ಇಲ್ಲೇ ನನ್ನ ತಲೆ ಕೆಟ್ಟದ್ದು)

ಜೀವಂತ ಮನೆಗಳನ್ನು ಎಣಿಸುವ ವಿಧಾನವೇ ಲೆವೆಲ್ ಕಟ್ಟುವ ವಿಧಾನವೂ ಹೌದು. ಆಟ ಮುಗಿದ ಸ್ಥಿತಿಯಿಂದ ಶುರು ಮಾಡಿ. ಪೆಟ್ಟಿಗೆಗಳೆಲ್ಲ ಗುರಿಯ ಮೇಲೆ ಇವೆ. ಈಗ ತಳ್ಳುವ ಬದಲು ಎಳೆಯಿರಿ. ಎಳೆದು ಎಳೆದು ನಿಮಗೆ ಬೇಕಾದಷ್ಟು ಕೆಡಿಸಿದ ಮೇಲೆ ನಿಲ್ಲಿಸಿ. ಅದೇ ನಿಮ್ಮ ಆರಂಭ. ಬಿಡಿಸಲು ಆಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಎಳೆದ ದಾರಿಯನ್ನು ತಿರುಗಿಸಿದರೆ ಉತ್ತರ.

ಎಲ್ಲ ಟ್ಯುಟೋರಿಯಲ್ಲುಗಳಲ್ಲೂ ಇಷ್ಟು ಹೇಳಿ ಮುಂದೆ ಹೋಗಿಬಿಡುತ್ತಾರೆ. ಎಳೆಯುವಾಗ ಎಷ್ಟು ಜಾಗ ಬೇಕು ಅನ್ನುವುದು ನನಗೆ ತುಂಬಾ ಹೊತ್ತು ಹಿಡಿತಕ್ಕೆ ಸಿಗಲಿಲ್ಲ. ಪೆಟ್ಟಿಗೆ ಒಂದು ಮನೆ ಸರಿಯುತ್ತದೆ, ಹಾಗಾದರೆ ಒಂದು ಖಾಲಿ ಮನೆ ಸಾಕಲ್ಲ? ಸಾಲದು. ಎರಡು ಬೇಕು.

ನಿಧಾನವಾಗಿ ನೋಡೋಣ. ಒಂದೇ ಸಾಲಿನಲ್ಲಿ ಮೂರು ಮನೆ: ಅ, ಆ, ಇ. ಮಾಮೂಲಿ ಆಟದಲ್ಲಿ ನೀವು ಅ-ದಲ್ಲಿ ನಿಂತಿದ್ದೀರಿ, ಪೆಟ್ಟಿಗೆ ಆ-ದಲ್ಲಿದೆ, ಇ ಖಾಲಿ. ತಳ್ಳಿದಿರಿ. ಈಗ ನೀವು ಆ-ದಲ್ಲಿ, ಪೆಟ್ಟಿಗೆ ಇ-ಯಲ್ಲಿ. ಇದನ್ನೇ ತಿರುಗಿಸಿ. ಪೆಟ್ಟಿಗೆ ಇ-ಯಲ್ಲಿದೆ. ನೀವು ಮೊದಲು ಆ-ಕ್ಕೆ ನಡೆದು ಬರಬೇಕು. ಆಮೇಲೆ ಅ-ಕ್ಕೆ ಹಿಂದೆ ಸರಿಯಬೇಕು, ಪೆಟ್ಟಿಗೆ ನಿಮ್ಮ ಹಿಂದೆಯೇ ಆ-ಕ್ಕೆ ಬರುತ್ತದೆ. ಅ ಗೋಡೆಯಾಗಿದ್ದರೆ? ಎಳೆಯಲು ಆಗುವುದೇ ಇಲ್ಲ, 'ಆ' ಮನೆ ಖಾಲಿ ಇದ್ದರೂ. ಒಂದು ಮನೆ ಪೆಟ್ಟಿಗೆಗೆ, ಇನ್ನೊಂದು ನಿಮ್ಮ ಬೆನ್ನಿಗೆ. ಮೇಲಿನ ಕೋಣೆಯಲ್ಲಿ ಗುರಿ ನಡುವೆ ಇದ್ದಾಗ ಎಲ್ಲ ಸತ್ತದ್ದು ಇದಕ್ಕೇ. ಮೇಲೆ, ಕೆಳಗೆ, ಬಲಕ್ಕೆ ಒಂದೊಂದೇ ಮನೆ ಇತ್ತು, ಬೆನ್ನಿಗೆ ಜಾಗ ಇರಲಿಲ್ಲ.

ಇನ್ನೊಂದು: ಆ-ಕ್ಕೆ "ನಡೆದು ಬರಬೇಕು" ಅಂದೆನಲ್ಲ, ಆ ದಾರಿ ನಿಜವಾಗಿ ತೆರೆದಿರಬೇಕು. ಬೇರೆ ಪೆಟ್ಟಿಗೆ ಅಡ್ಡ ನಿಂತಿರಬಾರದು.

ನನ್ನ ಲೆವೆಲ್

■ ಗೋಡೆ, □ ಖಾಲಿ ಮನೆ, ○ ಗುರಿ, ● ಪೆಟ್ಟಿಗೆ, ★ ನೀವು.

■■■■■■
■○○□■■
■□●●□■
■■□★□■
■■■■■■

ಮುಂದೆ ಓದುವ ಮೊದಲು ಬಿಡಿಸಿ. ನಾಲ್ಕೇ ತಳ್ಳುವಿಕೆ.

ಹೊಳೆಯಬೇಕಾದ ವಿಷಯ ಇದು: ಗುರಿ ಮುಟ್ಟಿದ ಪೆಟ್ಟಿಗೆಯ ಕೆಲಸ ಮುಗಿದಿರಬೇಕು ಅಂತೇನೂ ಇಲ್ಲ. ಸಾಮಾನ್ಯವಾಗಿ ಗುರಿ ಸೇರಿದ ಪೆಟ್ಟಿಗೆ ಬಣ್ಣ ಬದಲಿಸುತ್ತದೆ, ನಮಗೂ ಅದನ್ನು ಮತ್ತೆ ಮುಟ್ಟಲು ಮನಸ್ಸು ಬರುವುದಿಲ್ಲ. ಅದನ್ನೇ ಮುಟ್ಟಿಸಬೇಕು.

ಕಟ್ಟಿದ್ದು ಹೀಗೆ. ಎರಡೂ ಪೆಟ್ಟಿಗೆ 1-1 ಮತ್ತು 1-2ರಲ್ಲಿ. 1-2ರದ್ದನ್ನು ಕೆಳಗೆ 2-2ಕ್ಕೆ ಎಳೆದೆ. 1-1ರದ್ದನ್ನು ಬಲಕ್ಕೆ 1-2ಕ್ಕೆ ಎಳೆದೆ. 2-2ರದ್ದನ್ನು ಬಲಕ್ಕೆ 2-3ಕ್ಕೆ. ಕೊನೆಗೆ 1-2ರಲ್ಲಿ ಇರುವುದನ್ನು ಕೆಳಗೆ 2-2ಕ್ಕೆ. ತಿರುಗಿಸಿದರೆ ಉತ್ತರ: ಎಡಗಡೆಯ ಪೆಟ್ಟಿಗೆ ಮೇಲಕ್ಕೆ, ಬಲಗಡೆಯದು ಎಡಕ್ಕೆ, ಈಗ 1-3ರಲ್ಲಿ ನಿಂತು ಮೇಲಿನದನ್ನು ಎಡಕ್ಕೆ, ಕೊನೆಗೆ ಕೆಳಗಿನದು ಮೇಲಕ್ಕೆ. 1-3ರ ಮನೆಗೆ ಪೆಟ್ಟಿಗೆ ಹೋದರೆ ಸತ್ತಂತೆ. ಆ ಮನೆ ಇರುವುದು ನಿಮ್ಮ ಬೆನ್ನಿಗೆ ಮಾತ್ರ.

ಒಟ್ಟು 10 ಮನೆಯಲ್ಲಿ ಜೀವಂತ ಇರುವುದು 4. ಎರಡರಲ್ಲಿ ಗುರಿ, ಎರಡರಲ್ಲಿ ಪೆಟ್ಟಿಗೆ. ಇದು ಎಳೆದು ಕಟ್ಟಿದ್ದಕ್ಕೆ ತಾನಾಗಿಯೇ ಬಂತು.

ನನಗೆ ಇಷ್ಟವಾದ ಮನೆ 2-1. ಉತ್ತರಕ್ಕೆ ಅದು ಬೇಕಾಗಿಯೇ ಇಲ್ಲ, ಗೋಡೆ ಮಾಡಿದರೂ ಉತ್ತರ ಹಾಗೇ ಇರುತ್ತದೆ. ಅದು ಗಾಳ. ಮೊದಲ ಪೆಟ್ಟಿಗೆ 1-2ರಲ್ಲಿ ಕೂತ ಮೇಲೆ ಖಾಲಿ ಉಳಿದದ್ದು 1-1. ಎರಡನೇ ಪೆಟ್ಟಿಗೆಯನ್ನು ಎಡಕ್ಕೆ ಎರಡು ಸಲ ತಳ್ಳಿದರೆ ಸರಿಯಾಗಿ ಅದರ ಕೆಳಗೇ ಬಂದು ನಿಲ್ಲುತ್ತದೆ. ಇನ್ನೇನು, ಮೇಲಕ್ಕೆ ತಳ್ಳಿದರೆ ಆಯಿತು! ಆದರೆ ತಳ್ಳಲು ನಿಲ್ಲಬೇಕಾದ 3-1 ಗೋಡೆ. ತಂಗಿಗೆ ಆಡಲು ಕೊಟ್ಟಾಗ ಸೀದಾ ಅಲ್ಲಿಗೇ ಹೋದಳು. "ಇಲ್ಲಿ ನಿಲ್ಲೋಕೆ ಜಾಗಾನೇ ಇಲ್ವಲ್ಲ" ಅಂದಳು. ಜಾಗ ಇಲ್ಲ ಅಂತ ಗೊತ್ತಾದ ಮೇಲೆಯೇ 1-1ಕ್ಕೆ ಬೇರೆ ಬಾಗಿಲು ಯಾವುದು ಅಂತ ಕಣ್ಣು ಹುಡುಕುತ್ತದೆ. ಬಲಗಡೆಯಿಂದ ಮಾತ್ರ. ಬಲಗಡೆ ಕೂತಿರುವುದು ಯಾರು? ಮೊದಲನೇ ಪೆಟ್ಟಿಗೆ. ತಪ್ಪು ದಾರಿ ಸರಿ ದಾರಿಯ ಸುಳಿವು ಕೊಡಬೇಕು. ಸುಳಿವು ಕೊಡದ ತಪ್ಪು ದಾರಿ ಬರೀ ಕಿರಿಕಿರಿ, ಅಂಥದ್ದನ್ನು ಗೋಡೆ ಹಾಕಿ ಮುಚ್ಚಿಬಿಡಿ.

ಕಳ್ಳ ದಾರಿ

1-4ರ ಗೋಡೆ ತೆಗೆದು ಖಾಲಿ ಬಿಟ್ಟು ನೋಡಿ. ಕೋಣೆ ಚಂದ ಕಾಣುತ್ತದೆ, ಮೇಲಿನ ಸಾಲು ಪೂರ್ತಿ ತೆರೆದಿರುತ್ತದೆ. ಆದರೆ ಬಲಗಡೆಯ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳಿ, 1-4ರಲ್ಲಿ ನಿಂತು ಎಡಕ್ಕೆ ಎರಡು ಸಲ ತಳ್ಳಿ, ಇನ್ನೊಂದನ್ನು ಮೇಲಕ್ಕೆ ತಳ್ಳಿದರೆ ಮುಗಿಯಿತು. ಇದೂ ನಾಲ್ಕೇ. ಆಡಿದವರು ಗೆಲ್ಲುತ್ತಾರೆ, ಏನೂ ಕಲಿತಿರುವುದಿಲ್ಲ. ಎಳೆದು ಕಟ್ಟಿದರೆ ಒಂದು ಉತ್ತರವಂತೂ ಇದ್ದೇ ಇರುತ್ತದೆ, ಆದರೆ ಅದೊಂದೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೆ ಆರಂಭದಿಂದ ಪ್ರತಿಯೊಂದು ತಳ್ಳುವಿಕೆಯನ್ನೂ ಬರೆದು ನೋಡಬೇಕು. ಇಷ್ಟು ಸಣ್ಣ ಲೆವೆಲ್ಲಿಗೆ ಅರ್ಧ ಹಾಳೆ ಸಾಕು: ನನ್ನ ಮೂಲ ಲೆವೆಲ್ಲಿನಲ್ಲಿ (1-4 ಗೋಡೆ ಇರುವಾಗ) ಮೊದಲಿಗೆ ಇರುವುದು ಎರಡೇ ಆಯ್ಕೆ, ಅದರಲ್ಲಿ ಒಂದು ತಕ್ಷಣ ಸಾಯುತ್ತದೆ.

ಕೋಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟೀಫನ್ ಲ್ಯಾವೆಲ್ 2013ರಲ್ಲಿ ಬಿಟ್ಟ, ಪಝಲ್ ಆಟ ಕಟ್ಟುವ ಸಾಧನ ಪಝಲ್‌ಸ್ಕ್ರಿಪ್ಟ್ ಬ್ರೌಸರಿನಲ್ಲೇ ಓಡುತ್ತದೆ, ದುಡ್ಡಿಲ್ಲ. ಪೆಟ್ಟಿಗೆ ತಳ್ಳುವ ಆಟ ಅದರ ಉದಾಹರಣೆಗಳಲ್ಲೇ ಇದೆ, ಲೆವೆಲ್ಲಿನ ನಕ್ಷೆ ಬದಲಿಸಿದರೆ ಸಾಕು. ಹಿಂದಕ್ಕೆ ಹೋಗಲು ಝಡ್ ಕೀ, ಮೊದಲಿಂದ ಶುರು ಮಾಡಲು ಆರ್ ಕೀ, ಎರಡೂ ತಾನಾಗಿಯೇ ಬರುತ್ತವೆ. ಬೇರೆಯವರು ಆಡುವಾಗ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ಈ ಎರಡು ಕೀ ಮಾತ್ರ ನೋಡಿ. ಝಡ್ ಒತ್ತಿ ಒಂದೆರಡು ಹೆಜ್ಜೆ ಹಿಂದೆ ಹೋದರೆ ಎಲ್ಲಿ ಎಡವಿದ್ದು ಅಂತ ಅವರಿಗೆ ಗೊತ್ತಾಗಿದೆ. ಪದೇ ಪದೇ ಆರ್ ಒತ್ತುತ್ತಿದ್ದರೆ ಎಲ್ಲಿ ಕೆಟ್ಟಿತು ಅಂತಲೇ ತಿಳಿದಿಲ್ಲ, ಆಗ ತಿದ್ದಬೇಕಾದದ್ದು ನಿಮ್ಮ ನಕ್ಷೆಯನ್ನು.