ಪರಿಚಯದ ವಕೀಲರಿಲ್ಲದ ಕಾನೂನು ವಿದ್ಯಾರ್ಥಿ ಇಂಟರ್ನ್‌ಶಿಪ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಐದು ವರ್ಷದ ಎಲ್‌ಎಲ್.ಬಿ. ಕೋರ್ಸಿನ ಎರಡನೇ ವರ್ಷದಲ್ಲಿದ್ದೇನೆ. ಮನೆಯಲ್ಲಿ ವಕೀಲರು ಯಾರೂ ಇಲ್ಲ, ಕಾಲೇಜಿಗೂ ಅಂಥ ಹೆಸರಿಲ್ಲ. ಸಹಪಾಠಿಗಳು ಆಗಲೇ ನಾಲ್ಕೈದು ಸರ್ಟಿಫಿಕೇಟ್ ಕೂಡಿಹಾಕಿದ್ದಾರೆ. ಇಂಟರ್ನ್‌ಶಿಪ್ ನಿಜಕ್ಕೂ ಮುಂದಿನ ವೃತ್ತಿಗೆ ಆಧಾರವಾಗುತ್ತದೆಯೇ? ಆಗುವುದಾದರೆ ಎಲ್ಲಿ, ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ಆಧಾರವಾಗುತ್ತದೆ. ಆದರೆ ಅದು ಹೇಗೆ ಎಂಬ ವಿಷಯದಲ್ಲಿ ವಿದ್ಯಾರ್ಥಿಗಳ ಅಂದಾಜು ತಪ್ಪುವುದೇ ಹೆಚ್ಚು. ಹೊಸ ಜೂನಿಯರ್ ಒಬ್ಬರನ್ನು ಸೇರಿಸಿಕೊಳ್ಳುವ ಸೀನಿಯರ್ ವಕೀಲರು ಸರ್ಟಿಫಿಕೇಟುಗಳನ್ನು ಎಣಿಸುತ್ತ ಕೂರುವುದಿಲ್ಲ. ಹಿಂದೆ ಕೆಲಸ ಮಾಡಿದ ಕಚೇರಿಗೆ ಫೋನ್ ಮಾಡಿ, ಒಪ್ಪಿಸಿದ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿ ಕೊಡುತ್ತಾರೆಯೇ, ಕಡತ ಓದಲು ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಆ ಫೋನಿಗೆ ಉತ್ತರಿಸುವವರಿಗೆ ನಿಮ್ಮ ಮುಖವಾದರೂ ನೆನಪಿರಬೇಕು. ಐದು ಕಡೆ ಹದಿನೈದು ಹದಿನೈದು ದಿನ ಕುಳಿತು ಬಂದವರಿಗೆ ಐದು ಸರ್ಟಿಫಿಕೇಟ್ ಇರುತ್ತವೆ, ಅವರ ಪರವಾಗಿ ಎರಡು ಮಾತು ಆಡುವವರು ಒಬ್ಬರೂ ಇರುವುದಿಲ್ಲ.

ಮೊದಲು ನಿಯಮ ನೋಡೋಣ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ತಂದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮುಗಿಸಿರಬೇಕು. ಯಾವುದೇ ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ವರ್ಷಕ್ಕೆ ನಾಲ್ಕು ವಾರದಂತೆ ಲೆಕ್ಕ ಹಾಕಿದರೆ ಎರಡೂ ಕೋರ್ಸುಗಳಿಗೆ ಸರಿಯಾಗಿ ಹೊಂದುತ್ತದೆ. ಅಂದರೆ ಕೊನೆಯ ವರ್ಷಕ್ಕೆ ಎಲ್ಲವನ್ನೂ ಒಟ್ಟು ಹಾಕಿ ತೀರಿಸುವ ಉಪಾಯಕ್ಕೆ ಇಲ್ಲಿ ಎಡೆಯಿಲ್ಲ. ಸ್ವಯಂಸೇವಾ ಸಂಸ್ಥೆ, ನ್ಯಾಯಾಂಗ, ಶಾಸಕಾಂಗ, ಲಾ ಫರ್ಮ್, ಕಂಪನಿ, ಸ್ಥಳೀಯ ಸಂಸ್ಥೆ ಎಲ್ಲವೂ ಇಂಟರ್ನ್‌ಶಿಪ್ ಮಾಡಬಹುದಾದ ಸ್ಥಳಗಳ ಪಟ್ಟಿಯಲ್ಲಿವೆ, ಆದರೆ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು ಎಂಬುದು ಕಡ್ಡಾಯ.

ಆ ಕಡ್ಡಾಯವನ್ನು ಕೊನೆಗೆ ತಳ್ಳದೆ ಮೊದಲೇ ಪೂರೈಸಿಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡನೇ ವರ್ಷದ ವಿದ್ಯಾರ್ಥಿಗೆ ದೊಡ್ಡ ಫರ್ಮ್ ಕೊಡುವ ಕೆಲಸ ಸಾಮಾನ್ಯವಾಗಿ ಒಂದು ಒಪ್ಪಂದದ ಒಂದು ಕಲಮಿನ ಸುತ್ತಲೇ ಇರುತ್ತದೆ. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ವಕೀಲರ ಕಚೇರಿಯಲ್ಲಿ ಅದೇ ನಾಲ್ಕು ವಾರದಲ್ಲಿ ಕಕ್ಷಿದಾರರು ಅರ್ಧ ಸತ್ಯ ಹೇಳುವುದನ್ನು, ವಕಾಲತ್ತಿಗೆ (ವಕೀಲರಿಗೆ ಪ್ರಕರಣ ಒಪ್ಪಿಸುವ ಪತ್ರಕ್ಕೆ) ಸಹಿ ಬೀಳುವುದನ್ನು, ನ್ಯಾಯಾಲಯದ ಕಚೇರಿಯ ಆಕ್ಷೇಪಣೆ ಹೊತ್ತು ವಾದಪತ್ರ ಹಿಂದಿರುಗುವುದನ್ನು, ಪಾಟೀ ಸವಾಲಿನಲ್ಲಿ (ಎದುರು ಪಕ್ಷದ ವಕೀಲರ ಪ್ರಶ್ನೆಗಳ ಮುಂದೆ) ಸಾಕ್ಷಿ ಜಾರುವುದನ್ನು ಕಣ್ಣಾರೆ ಕಾಣುತ್ತೀರಿ. ವಕೀಲರ ಗುಮಾಸ್ತರಷ್ಟು ಕಲಿಸುವವರು ಆ ಕಟ್ಟಡದಲ್ಲಿ ಬೇರೆ ಯಾರೂ ಇರುವುದಿಲ್ಲ, ಅವರೊಡನೆ ಮೂರು ದಿನ ಫೈಲಿಂಗ್ ಕೌಂಟರಿಗೆ ಓಡಾಡಲು ಸಂಕೋಚ ಬೇಡ.

ಕೆಲಸದ ಮಟ್ಟ ಎಂದರೇನು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳಿ ಮಗಳು ಹೂಡಿದ ದಾವೆ. 1998ರಲ್ಲೇ ಪಾಲಾಗಿದೆ ಎಂದು ಅಣ್ಣಂದಿರ ತಕರಾರು, ಆಧಾರಕ್ಕೆ ಒಂದು ಪಾಲುಪಟ್ಟಿ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಟಿಪ್ಪಣಿ ಮಾಡಿಕೊಂಡು ಬರುವಂತೆ ಇಬ್ಬರು ಇಂಟರ್ನ್‌ಗಳಿಗೆ ಹೇಳಲಾಗಿತ್ತು. ಒಬ್ಬರು ಹಿಂದೂ ಉತ್ತರಾಧಿಕಾರ ಕಾಯಿದೆಯ ಇತಿಹಾಸವನ್ನು 1956ರಿಂದ ಆರಂಭಿಸಿ 14 ಪುಟ ಬರೆದು ತಂದರು. ಮತ್ತೊಬ್ಬರದು ಒಂದೂವರೆ ಪುಟ, ಅದರ ಸಾರ ಇಷ್ಟು. ಕಾಯಿದೆಯ 6(5)ನೇ ಕಲಮಿನ ಪ್ರಕಾರ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗಕ್ಕಷ್ಟೇ ರಕ್ಷಣೆ, ಅದೂ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿದ್ದರೆ. ನಮ್ಮ ಕಡತದ ಪಾಲುಪಟ್ಟಿ ನೋಂದಣಿಯಾಗಿಲ್ಲ. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದೆಂದಿದೆ. ಆದ್ದರಿಂದ 1998ರ ನಂತರದ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಯಾರ ಹೆಸರಿನಲ್ಲಿವೆ ಎಂದು ನೋಡಬೇಕು. ಕೊನೆಯ ಸಾಲಿನಲ್ಲಿ, ಕಡತದಲ್ಲಿ ಪಹಣಿ ಇಲ್ಲ, ಕಕ್ಷಿದಾರರಿಂದ ತರಿಸಬೇಕು ಎಂದೂ ಬರೆದಿದ್ದರು. ಮುಂದಿನ ರಜೆಯಲ್ಲಿ ಯಾರಿಗೆ ಮತ್ತೆ ಕರೆ ಹೋಯಿತು ಎಂದು ಹೇಳಬೇಕಾಗಿಲ್ಲ. ಮೊದಲಿನವರ ಓದು ಕಡಿಮೆಯೇನೂ ಇರಲಿಲ್ಲ. ಅವರು ಕಡತ ತೆರೆದು ನೋಡಿರಲಿಲ್ಲ, ಅಷ್ಟೆ.

ಇನ್ನು ಪರಿಚಯದವರಿಲ್ಲ ಎಂಬ ಮಾತು. ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಗೋಪ್ಯ ವಿಚಾರಣೆಯ ಕೆಲವು ಪ್ರಕರಣಗಳನ್ನು ಬಿಟ್ಟರೆ ಹಿಂದಿನ ಬೆಂಚಿನಲ್ಲಿ ಕುಳಿತು ಕಲಾಪ ನೋಡಲು ಯಾರ ಶಿಫಾರಸೂ ಬೇಡ. ಒಂದು ವಾರ ಒಂದೇ ಹಾಲ್‌ನಲ್ಲಿ ಕುಳಿತರೆ ಯಾವ ವಕೀಲರು ತಯಾರಾಗಿ ಬರುತ್ತಾರೆ, ಯಾರು ಬರೀ ವಾಯಿದೆ ಕೇಳುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ತಯಾರಾಗಿ ಬರುವವರ ಹೆಸರು ಕಾಸ್ ಲಿಸ್ಟ್‌ನಲ್ಲಿ, ಅಂದರೆ ಆ ದಿನದ ಪ್ರಕರಣಗಳ ಪಟ್ಟಿಯಲ್ಲಿ, ಸಿಗುತ್ತದೆ. ಅವರಿಗೆ ಒಂದು ಪುಟ ಮೀರದ ಪತ್ರ ಬರೆಯಿರಿ: ಯಾವ ದಿನ ಅವರ ಯಾವ ಪ್ರಕರಣದ ಕಲಾಪ ನೋಡಿದಿರಿ, ಅದರಲ್ಲಿ ನಿಮಗೆ ಅರ್ಥವಾಗದೆ ಉಳಿದದ್ದೇನು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲಿರಿ. ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ’ ಎಂದು ಆರಂಭವಾಗಿ ಐವತ್ತು ಜನರಿಗೆ ಒಟ್ಟಿಗೆ ಹೋಗುವ ಇಮೇಲ್‌ಗೂ ಇದಕ್ಕೂ ಇರುವ ಅಂತರವನ್ನು ಓದುವವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇನ್ನೊಂದು ದಾರಿ: ವಕೀಲರ ಶುಲ್ಕ ಕೊಡಲಾಗದವರು ಅಲ್ಲಿಗೆ ಬರುತ್ತಾರೆ, ಅವರ ಮಾತು ಕೇಳಿಸಿಕೊಂಡು ಅರ್ಜಿಯ ರೂಪಕ್ಕೆ ತರುವ ಅಭ್ಯಾಸ ಅಲ್ಲಿ ಆದಷ್ಟು ಬೇರೆಡೆ ಆಗದು. ಹಣ ಕಟ್ಟಿಸಿಕೊಂಡು ಮನೆಯಲ್ಲೇ ಕೂತು ಮಾಡಿಸುವ ಇಂಟರ್ನ್‌ಶಿಪ್‌ಗಳ ತಂಟೆಗೆ ಹೋಗಬೇಡಿ.

ಮೊದಲ ಮೂರು ಅವಕಾಶಗಳನ್ನು ಮೂರು ಬಗೆಯ ಕಡೆ ನೋಡಿ, ಆಮೇಲೆ ಇವುಗಳಲ್ಲಿ ಒಂದು ಕಡೆಗೆ ಮರಳಿ ಹೋಗಿ. ಮೊದಲ ಸಲ ಹೋದಾಗ ಎರಡು ವಾರ ಕಚೇರಿಯ ದಾರಿ ತಿಳಿಯುವುದರಲ್ಲೇ ಕಳೆಯುತ್ತದೆ; ಎರಡನೇ ಸಲ ಹೋದವರಿಗೆ ಮೊದಲ ದಿನವೇ ಕರಡು ಬರೆಯಲು ಕೊಡುತ್ತಾರೆ. ಸೀನಿಯರ್ ಕೆಂಪು ಶಾಯಿಯಲ್ಲಿ ತಿದ್ದಿದ ಕರಡಿನ ಪ್ರತಿ ಕೇಳಿ ಪಡೆಯಿರಿ, ಏನು ಹೊಡೆದುಹಾಕಿದ್ದಾರೆ, ಏಕೆ ಎಂದು ಕೂತು ನೋಡಿ.

ಕಾರ್ಪೊರೇಟ್ ಫರ್ಮ್ ನಿಮ್ಮ ಗುರಿಯಾಗಿದ್ದರೆ ಕ್ರಮ ಸ್ವಲ್ಪ ಬೇರೆ. ಅಲ್ಲಿ ನಾಲ್ಕನೇ ಮತ್ತು ಐದನೇ ವರ್ಷದ ಇಂಟರ್ನ್‌ಶಿಪ್ ಬಹುಪಾಲು ಪರೀಕ್ಷೆಯೇ ಸರಿ: ನಾಲ್ಕು ವಾರ ನಿಮ್ಮ ಕೆಲಸವನ್ನು ಅಳೆದು, ಹಿಡಿಸಿದರೆ ಪದವಿಗೆ ಮೊದಲೇ ಕೆಲಸದ ಭರವಸೆ ಕೊಡುತ್ತಾರೆ. ಆ ಸ್ಥಾನಗಳಿಗೆ ಹಲವು ತಿಂಗಳು ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ಕೋರ್ಟಿನ ಅನುಭವ ಇಲ್ಲಿ ವ್ಯರ್ಥವಾಗುತ್ತದೆ ಎಂದುಕೊಳ್ಳಬೇಡಿ. ಒಪ್ಪಂದ ಮುರಿದಾಗ ನ್ಯಾಯಾಲಯದಲ್ಲಿ ಏನಾಗುತ್ತದೆ ಎಂದು ಕಂಡವರು ಬರೆಯುವ ಕಲಮು ಬೇರೆಯೇ ತರಹ ಇರುತ್ತದೆ.

ನ್ಯಾಯಾಧೀಶರಾಗುವ ಆಸೆಯಿರುವವರು ಒಂದು ವಿಷಯವನ್ನು ಸರಿಯಾಗಿ ತಿಳಿದಿರಬೇಕು. ಸಿವಿಲ್ ನ್ಯಾಯಾಧೀಶರ (ಕಿರಿಯ ವಿಭಾಗ) ಪರೀಕ್ಷೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂಬ ಷರತ್ತನ್ನು 2002ರಲ್ಲಿ ಕೈಬಿಡಲಾಗಿತ್ತು. ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ಅದನ್ನು ಮರಳಿ ತಂದಿತು. ಆ ತೀರ್ಪಿನಂತೆ ಮೂರು ವರ್ಷದ ಎಣಿಕೆ ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದ ಆರಂಭವಾಗುತ್ತದೆ, ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ (ಸಂಶೋಧನಾ ಸಹಾಯಕ) ಆಗಿ ಮಾಡಿದ ಸೇವೆಯೂ ಸೇರುತ್ತದೆ. ವಿದ್ಯಾರ್ಥಿಯಾಗಿ ಮಾಡಿದ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಆ ಮೂರು ವರ್ಷ ಯಾರ ಕಚೇರಿಯಲ್ಲಿ ಕಳೆಯುತ್ತೀರಿ ಎಂಬುದು ಬಹುಮಟ್ಟಿಗೆ ಇಂಟರ್ನ್‌ಶಿಪ್ ಕಾಲದಲ್ಲೇ ತೀರ್ಮಾನವಾಗಿರುತ್ತದೆ.

ಹಣದ ಮಾತನ್ನು ಮುಚ್ಚಿಡಬಾರದು. ವಿಚಾರಣಾ ನ್ಯಾಯಾಲಯದ ಕಚೇರಿಗಳಲ್ಲಿ ಇಂಟರ್ನ್‌ಗಳಿಗೆ ಭತ್ಯೆ ಸಿಗುವುದು ವಿರಳ. ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಕಿರಿಯ ವಕೀಲರಿಗೆ ನಗರ ಪ್ರದೇಶದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದ್ದು ನೋಂದಾಯಿತ ವಕೀಲರಿಗೆ ಸಂಬಂಧಿಸಿದ್ದೇ ಹೊರತು ವಿದ್ಯಾರ್ಥಿಗಳಿಗಲ್ಲ, ಮತ್ತು ಅದು ಶಿಫಾರಸು ಮಾತ್ರ. ಹೀಗಾಗಿ ದೂರದ ಮಹಾನಗರದಲ್ಲಿ ಬಾಡಿಗೆ ಕೊಟ್ಟು ತಿಂಗಳಿಡೀ ಕೂರುವುದಕ್ಕಿಂತ ನಿಮ್ಮ ಊರಿನ ನ್ಯಾಯಾಲಯದಲ್ಲೇ ಮೊದಲ ಎರಡು ವರ್ಷ ಕಳೆಯುವುದರಲ್ಲಿ ಯಾವ ಕೊರತೆಯೂ ಇಲ್ಲ.

ಕೊನೆಗೆ ದಿನಚರಿ. ಪಠ್ಯಕ್ರಮದಲ್ಲೇ ಇದಕ್ಕೆ ಅಂಕಗಳಿವೆ: ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ನೋಡಿ ಬರೆಯುವುದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ಪೂರ್ವಸಿದ್ಧತೆಯ ದಿನಚರಿಗೆ 30. ಹಿರಿಯ ವಿದ್ಯಾರ್ಥಿಗಳ ದಿನಚರಿ ನಕಲು ಮಾಡುವುದು ಹಲವೆಡೆ ವಾಡಿಕೆಯೇ ಆಗಿಬಿಟ್ಟಿದೆ. ಮಾಡಿದವರು ಸಂದರ್ಶನದ ಕೋಣೆಯಲ್ಲಿ ತಡವರಿಸುತ್ತಾರೆ. ಪ್ರತಿ ಸಂಜೆ ಹತ್ತು ಸಾಲು ಬರೆದಿಟ್ಟರೆ, ಬಯೋಡೇಟಾದಲ್ಲಿ ‘ಕಾನೂನು ಸಂಶೋಧನೆ ಮಾಡಿದ್ದೇನೆ’ ಎಂಬ ಪೊಳ್ಳು ಸಾಲಿನ ಬದಲು ‘ಎರಡು ಮಧ್ಯಂತರ ಅರ್ಜಿಗಳ ಮತ್ತು ಒಂದು ಲೀಗಲ್ ನೋಟಿಸಿನ ಕರಡು ಸಿದ್ಧಪಡಿಸಿದ್ದೇನೆ’ ಎಂದು ಬರೆಯಬಹುದು, ಕೇಳಿದರೆ ವಿವರಿಸಲೂಬಹುದು. ಆದರೆ ಕಕ್ಷಿದಾರರ ಹೆಸರು, ಸರ್ವೆ ನಂಬರು, ಊರು ಯಾವುದೂ ಅಲ್ಲಿರಕೂಡದು. ಕಕ್ಷಿದಾರರು ವಕೀಲರಿಗೆ ಹೇಳಿದ ಗುಟ್ಟನ್ನು ಕಾಯುವ ಹೊಣೆಯನ್ನು ಕಾನೂನು ವಕೀಲರ ಗುಮಾಸ್ತರಿಗೂ ನೌಕರರಿಗೂ ವಿಧಿಸುತ್ತದೆ, ಅದೇ ಕಚೇರಿಯಲ್ಲಿ ಕೂತ ಇಂಟರ್ನ್ ಅದರಿಂದ ಹೊರಗೆ ಎಂದು ಭಾವಿಸುವುದು ಸರಿಯಲ್ಲ. ಬರಹದ ಮಾದರಿಯೆಂದು ಹಳೆಯ ಕಚೇರಿಯ ಅರ್ಜಿಯನ್ನು ಹೆಸರು ಸಮೇತ ಲಗತ್ತಿಸಿ ಕಳಿಸುವ ಅಭ್ಯರ್ಥಿಯನ್ನು ಹೊಸ ಕಚೇರಿ ಅಲ್ಲಿಗೇ ಕೈಬಿಡುತ್ತದೆ, ಏಕೆಂದರೆ ನಾಳೆ ತನ್ನ ಕಡತಗಳೂ ಹೀಗೇ ಹೊರಗೆ ಹೋಗುತ್ತವೆ ಎಂಬುದು ಅದಕ್ಕೆ ಗೊತ್ತಿರುತ್ತದೆ.